ಮಧುಗಿರಿಯ ಬಂಡೆ, ಗಂಡಿಕೋಟದ ಕಮರಿ

ಜಲಪಾತದ ಫೋಟೊ ಬೇಕೆಂದರೆ ಜೋಗಕ್ಕೆ, ಕಮರಿಯ ಫೋಟೊ ಬೇಕೆಂದರೆ ಆಂಧ್ರದ ಗಂಡಿಕೋಟಕ್ಕೆ ಹೊರಡುವುದು ರೂಢಿ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆಯ ಹುಡುಗರೂ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವುದು ಅತ್ತಲೇ. ಬರದ ಸೀಮೆಯಲ್ಲಿ ತೆಗೆಯಲು ಏನಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಂಥ ಚಿತ್ರದಲ್ಲಿ ಹಿಡಿಯಬೇಕಾದದ್ದು ನೀರು ಕಲ್ಲಿಗೆ ಏನು ಮಾಡಿದೆ ಎಂಬುದನ್ನು. ಅದನ್ನು ಕಲಿಯಲು ಈ ಸೀಮೆಯ ಬೋಳುಬಂಡೆಗಳೇ ಸಾಕು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿ. ನೆತ್ತಿಯಿಂದ ಬುಡದವರೆಗೆ ಇಳಿದಿರುವ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ದಾರಿಗಳು. ತೇವ ನಿಂತಲ್ಲಿ ಬೆಳೆಯುವ ಸೂಕ್ಷ್ಮ ಪಾಚಿ ಮತ್ತು ಕಲ್ಲುಹೂಗಳು ಆ ಬಣ್ಣ ಕೊಟ್ಟಿವೆ. ಮಧುಗಿರಿ ಭಾಗದ ನೀರು ದೇವರಾಯನದುರ್ಗದಿಂದ ಬರುವ ಜಯಮಂಗಲಿಯನ್ನು ಕೂಡಿ, ಆಂಧ್ರದಲ್ಲಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಗಂಡಿಕೋಟದ ಕಮರಿಯನ್ನು ಕೊರೆದದ್ದು ಅದೇ ಪಿನಾಕಿನಿ! ಅಲ್ಲಿನ ಶಿಲೆ ಪದರಪದರವಾಗಿದ್ದು ಬಿರುಕುಗುಂಟ ಕಳಚಿ ಬೀಳುವುದರಿಂದ ನೆಟ್ಟಗಿನ ಗೋಡೆಗಳಾದವು. ಇಲ್ಲಿನ ಗ್ರಾನೈಟ್‌ನಲ್ಲಿ ಅಂಥ ಪದರಗಳಿಲ್ಲ. ಮೇಲ್ಮೈ ಈರುಳ್ಳಿ ಸಿಪ್ಪೆಯಂತೆ ಸುಲಿದು ಗುಂಡಗಾಗುತ್ತದೆ.

ನೀರೇ ಕಾಣದ ಚಿತ್ರ ಜಲಪಾತದ ಚಿತ್ರ ಹೇಗಾದೀತು ಎಂದು ಕೇಳಬಹುದು. ಆಗದು, ನಿಜ. ಆದರೆ 253 ಮೀಟರ್ ಎತ್ತರದ ಜೋಗದಲ್ಲೂ ಮಳೆಯ ಭರದಲ್ಲಿ ಮಂಜು ಕವಿದು ಬಂಡೆಯೇ ಮರೆಯಾಗುತ್ತದೆ. ನೀರು ಇಳಿದ ಮೇಲೆಯೇ ರಾಜ, ರಾಣಿ, ರೋರರ್, ರಾಕೆಟ್ ಧಾರೆಗಳು ಬಿಡಿಬಿಡಿಯಾಗಿ ಕಾಣುವುದು. ಧಾರೆಗೆ ರೂಪ ಕೊಡುವುದು ಹಿಂದಿನ ಗೋಡೆ. ಶಟರ್ ನಿಧಾನಿಸಿ ನೀರನ್ನು ರೇಷ್ಮೆ ಮಾಡುವುದು ಸುಳ್ಳು ಎಂಬ ಆಕ್ಷೇಪವೂ ಇದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಹನಿಗಳನ್ನು ಗಾಳಿಯಲ್ಲಿ ನಿಲ್ಲಿಸಿದ ಚಿತ್ರವೂ ನಮ್ಮ ಕಣ್ಣು ಕಂಡದ್ದಲ್ಲವಲ್ಲ. ಆದರೂ ಹಲವು ಸೆಕೆಂಡು ತೆರೆದಿಟ್ಟರೆ ರೋರರ್‌ನ ರಭಸ, ರಾಣಿಯ ಬಳುಕು ಎರಡೂ ಒಂದೇ ಬಿಳಿ ಬಟ್ಟೆಯಾಗುತ್ತವೆ. ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಹರಿವೂ ಉಳಿಯುತ್ತದೆ, ಬಲವೂ ತಿಳಿಯುತ್ತದೆ. ಕ್ಯಾಮೆರಾ ಮಾತ್ರ ಸ್ಟ್ಯಾಂಡಿನ ಮೇಲಿರಬೇಕು.

ಬಂಡೆಗೆ ನಡುಹಗಲಿನ ಬೆಳಕು ಶತ್ರು, ಉಬ್ಬುತಗ್ಗೆಲ್ಲ ಅಳಿಸಿಹೋಗುತ್ತದೆ. ಬೆಳಗ್ಗೆ, ಸಂಜೆ ಪಕ್ಕದಿಂದ ಬೀಳುವ ಬಿಸಿಲಿನಲ್ಲಿ ಸಣ್ಣ ಬಿರುಕಿಗೂ ನೆರಳಿರುತ್ತದೆ. ಉತ್ತರೆ, ಹಸ್ತ, ಚಿತ್ತ ಮಳೆಗಳು ಸುರಿದು ನಿಂತಾಗ ಪಟ್ಟೆಗಳು ಒದ್ದೆಯಾಗಿ ಮಿನುಗುತ್ತವೆ, ಕೆಲಹೊತ್ತು ನಿಜವಾದ ಧಾರೆಗಳೂ ಇಳಿಯುತ್ತವೆ. ದುಬಾರಿ ಲೆನ್ಸ್ ಬೇಡ, ಮೊಬೈಲೇ ಸಾಕು. ಈ ಹಿಂಗಾರಿನಲ್ಲಿ ಒಮ್ಮೆ ನಿಮ್ಮೂರ ಬೆಟ್ಟದ ಬುಡದಲ್ಲಿ ನಿಂತು ತೆಗೆಯಿರಿ. ಒದ್ದೆ ಬಂಡೆ ಜಾರುತ್ತದೆ, ಮಳೆಯಲ್ಲಿ ಮಾತ್ರ ಹತ್ತಬೇಡಿ.