ನಾಣ್ಯಗಳಿಗೆ ತಕ್ಕ ಮನೆ

ನಮ್ಮ ಅಜ್ಜಿಯ ಬಳಿ ಹತ್ತಿಬಟ್ಟೆಯ ಒಂದು ಸಂಚಿಯಿತ್ತು. ವಿಕ್ಟೋರಿಯಾ ರಾಣಿಯ ಮುಖವಿರುವ ಹನ್ನೊಂದು ಬೆಳ್ಳಿ ರೂಪಾಯಿಗಳು, ಒಂದಿಷ್ಟು ಕಾಲಾಣೆಗಳು, ನಡುವೆ ತೂತಿರುವ 1943ರ ಕೆಲವು ಕಾಸುಗಳು—ಇಷ್ಟೇ ಅದರೊಳಗಿನ ಐಶ್ವರ್ಯ. ಬೀರುವಿನ ಮೂಲೆಯಲ್ಲಿ, ಸೀರೆಗಳ ಕೆಳಗೆ, ಆ ಸಂಚಿ ಹಲವು ದಶಕಗಳ ಕಾಲ ನೆಮ್ಮದಿಯಾಗಿ ಮಲಗಿತ್ತು. ಅಜ್ಜಿಯ ಕಾಲಾನಂತರ ಅದು ನನ್ನ ಪಾಲಿಗೆ ಬಂದಿತು. ಇಂಥ ವಸ್ತುಗಳನ್ನು ಬಟ್ಟೆಯ ಸಂಚಿಯಲ್ಲಿಡುವುದೇ ಎಂದು ನನಗೆ ಮರುಕವುಂಟಾಯಿತು. ಪೇಟೆಯಿಂದ ಅಂದವಾದ ಪ್ಲಾಸ್ಟಿಕ್ ಆಲ್ಬಮೊಂದನ್ನು ತಂದು, ಒಂದೊಂದು ನಾಣ್ಯವನ್ನೂ ಅದರ ಮೆತ್ತನೆಯ ಕಿಸೆಗಳಲ್ಲಿರಿಸಿ, ಕರ್ತವ್ಯವನ್ನು ನೆರವೇರಿಸಿದೆನೆಂದು ಸಂತೋಷಪಟ್ಟೆ.

ಎಂಟು ವರ್ಷಗಳ ತರುವಾಯ ಆಲ್ಬಮನ್ನು ತೆರೆದಾಗ ರಾಣಿಯ ಮುಖದ ಮೇಲೆ ಹಸುರು ಜಿಡ್ಡು ಮೆತ್ತಿಕೊಂಡಿತ್ತು. ಕಾಸುಗಳಂತೂ ಹಾಳೆಗೇ ಅಂಟಿಹೋಗಿದ್ದವು. ಅಜ್ಜಿಯ ಅಲಕ್ಷ್ಯವು ಇಷ್ಟು ಕಾಲದಲ್ಲಿ ಮಾಡದ ಕೇಡನ್ನು ನನ್ನ ಅಕ್ಕರೆ ಎಂಟೇ ವರ್ಷಗಳಲ್ಲಿ ಮಾಡಿತ್ತು!

ಹಾಗೆಂದು ಬಟ್ಟೆಯ ಸಂಚಿಯೇ ಉತ್ತಮವೆಂದು ಭಾವಿಸಬಾರದು. ಅದರೊಳಗೆ ನಾಣ್ಯಗಳು ಒಂದನ್ನೊಂದು ಉಜ್ಜಿ ಗೀರುಗಳಾಗಿದ್ದವು. ಆದರೆ ಗೀರು ಬೆಳೆಯುವುದಿಲ್ಲ, ಕಿಲುಬು ಬೆಳೆಯುತ್ತದೆ. ನಾಣ್ಯವನ್ನು ಎಲ್ಲಿಡಬೇಕೆಂಬುದನ್ನು ನಿರ್ಧರಿಸುವ ಮೊದಲು ಈ ಭೇದವನ್ನು ಅರಿತಿರುವುದು ಒಳ್ಳೆಯದು.

ಆಲ್ಬಮಿನೊಳಗಿನ ಶತ್ರು

ಆ ಆಲ್ಬಮಿನ ಹಾಳೆಗಳು ಪಾಲಿವಿನೈಲ್ ಕ್ಲೋರೈಡ್, ಎಂದರೆ ಪಿ.ವಿ.ಸಿ., ಎಂಬ ಪ್ಲಾಸ್ಟಿಕ್ಕಿನವು. ಈ ವಸ್ತು ಸ್ವಭಾವತಃ ಗಡುಸು. ನೀರಿನ ಕೊಳವೆಗಳನ್ನು ಮಾಡುವುದು ಇದರಿಂದಲೇ. ಅದು ಮೆತ್ತಗಾಗಿ ಬಳುಕಬೇಕಾದರೆ ಎಣ್ಣೆಯಂಥ ದ್ರವ್ಯಗಳನ್ನು ಬೆರೆಸಬೇಕು. ಕಾಲ ಕಳೆದಂತೆ ಆ ದ್ರವ್ಯಗಳು ಹೊರಕ್ಕೆ ಒಸರುತ್ತವೆ. ಪ್ಲಾಸ್ಟಿಕ್ಕೂ ಶಿಥಿಲವಾಗುತ್ತ ಹೈಡ್ರೋಕ್ಲೋರಿಕ್ ಆಮ್ಲದ ಅಂಶವನ್ನು ಬಿಡುತ್ತದೆ. ಸೆಕೆಯಿರುವಲ್ಲಿ, ತೇವವಿರುವಲ್ಲಿ ಈ ಕೆಲಸ ಇನ್ನಷ್ಟು ಶೀಘ್ರ. ಆಮ್ಲವು ತಾಮ್ರದೊಡನೆ ಕೂಡಿ ಹಸುರು ಕಿಲುಬಾಗುತ್ತದೆ.

ಬೆಳ್ಳಿಯ ರೂಪಾಯಿಗೆ ಕಿಲುಬೇಕೆ ಎಂದು ಕೇಳಬಹುದು. 11.66 ಗ್ರಾಂ ತೂಗುವ ವಿಕ್ಟೋರಿಯಾ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಮಾತ್ರ ಬೆಳ್ಳಿ, ಉಳಿದುದು ತಾಮ್ರ. 1940ರಿಂದ ಅಚ್ಚಾದ ಆರನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ನೂರಕ್ಕೆ ನಲವತ್ತು ಪಾಲು ತಾಮ್ರವೇ ಆಯಿತು. ಆದ್ದರಿಂದ ಅದಕ್ಕೆ ಅಪಾಯ ಇನ್ನೂ ಹೆಚ್ಚು.

ಆರಂಭದಲ್ಲೇ ಕಂಡರೆ ಈ ಜಿಡ್ಡಿಗೆ ಪರಿಹಾರವುಂಟು. ಶುದ್ಧವಾದ ಅಸಿಟೋನ್ ದ್ರವವನ್ನು ಗಾಜಿನ ಬಟ್ಟಲಿಗೆ ಹಾಕಿ, ನಾಣ್ಯವನ್ನು ಅದರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಉಜ್ಜದೆ ತೆಗೆದು ಗಾಳಿಗೆ ಆರಿಸಬೇಕು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ ಸುಗಂಧಗಳು ಬೆರೆತಿರುವುದರಿಂದ ಅದು ಸಲ್ಲದು. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳತಕ್ಕ ವಸ್ತು. ಒಲೆ ದೀಪಗಳಿಂದ ದೂರವಾಗಿ, ಕಿಟಕಿ ತೆರೆದು, ಹಿರಿಯರೇ ಈ ಕೆಲಸವನ್ನು ಮಾಡಬೇಕು. ಆಮ್ಲವು ಆಗಲೇ ಲೋಹವನ್ನು ಕೊರೆದುಬಿಟ್ಟಿದ್ದರೆ ಮಾತ್ರ ಯಾವ ದ್ರವವೂ ಅದನ್ನು ತುಂಬಿಕೊಡಲಾರದು. ನನ್ನ ಹನ್ನೊಂದು ರೂಪಾಯಿಗಳಲ್ಲಿ ಏಳು ಉಳಿದವು; ನಾಲ್ಕರ ಮೇಲಿನ ಕಲೆ ಶಾಶ್ವತವಾಯಿತು.

ಏನನ್ನು ಕೊಳ್ಳಬೇಕು?

ಅಂಗಡಿಯಲ್ಲಿ ಮೊದಲು ಮೂಗನ್ನೂ ಬೆರಳನ್ನೂ ಉಪಯೋಗಿಸಿರಿ. ಹಾಳೆ ಮೆತ್ತಗೆ ಬಳುಕುತ್ತಿದ್ದು, ಹೊಸ ರೆಕ್ಸಿನ್ನಿನಂಥ ವಾಸನೆ ಬರುತ್ತಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿರಿ. ಮೈಲಾರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್, ಅಕ್ರಿಲಿಕ್—ಇವು ನಾಣ್ಯಕ್ಕೆ ಕೆಡುಕು ಮಾಡದ ವಸ್ತುಗಳು.

ಸಾಧಾರಣ ನಾಣ್ಯಗಳಿಗೆ ಎರಡಂಗುಲ ಚೌಕದ ರಟ್ಟಿನ ಚೌಕಟ್ಟುಗಳು ಸಾಕು. ಇವುಗಳ ನಡುವಣ ದುಂಡುಗಿಂಡಿಗೆ ಪಾಲಿಯೆಸ್ಟರಿನ ತೆಳುಪರೆ ಇರುತ್ತದೆ. ನಾಣ್ಯವನ್ನಿಟ್ಟು ಮಡಿಚಿ ಪಿನ್ನು ಹೊಡೆಯಬೇಕು. ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡದಿದ್ದರೆ ಪಕ್ಕದ ನಾಣ್ಯವನ್ನು ಗೀರುತ್ತವೆ. ನಾಣ್ಯವನ್ನು ಹೊರತೆಗೆಯುವಾಗ ಮೊದಲು ಪಿನ್ನುಗಳನ್ನೆಲ್ಲ ಕೀಳಬೇಕು. ಅವಸರದಿಂದ ಪರೆಯನ್ನು ಹರಿದು, ಪಿನ್ನಿನ ಮೊನೆಯಿಂದ ನಾಣ್ಯವನ್ನು ಗೀರಿ ಕೆಡಿಸಿಕೊಂಡವರು ಅನೇಕರು.

ಉತ್ತಮ ನಾಣ್ಯಗಳಿಗೆ ಅಕ್ರಿಲಿಕ್ಕಿನ ದುಂಡನೆಯ ಗಟ್ಟಿ ಡಬ್ಬಿಗಳು ಯೋಗ್ಯ. ಇಲ್ಲಿ ಅಳತೆಯೇ ಮುಖ್ಯ. ಬೆಳ್ಳಿ ರೂಪಾಯಿಯ ಅಡ್ಡಳತೆ ಸುಮಾರು ಮೂವತ್ತೂವರೆ ಮಿಲಿಮೀಟರು. ಡಬ್ಬಿ ದೊಡ್ಡದಾದರೆ ನಾಣ್ಯ ಅಲುಗಾಡಿ ಅಂಚು ಸವೆಯುತ್ತದೆ. ಚಿಕ್ಕದಾದರೆ ಒತ್ತಿ ಸಿಕ್ಕಿಕೊಳ್ಳುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಅಪೂರ್ವವಾಗಿ ಕಂಡುಬರುವ ಕಂಠೀರಾಯ ಹಣದಂಥ ಚಿನ್ನದ ನಾಣ್ಯಗಳು ಅರ್ಧ ಗ್ರಾಮಿನಷ್ಟೂ ತೂಗುವುದಿಲ್ಲ. ಚಿನ್ನಕ್ಕೆ ಕಿಲುಬಿನ ಭಯವಿಲ್ಲ. ಬಾಗುವ, ಕಳೆದುಹೋಗುವ ಭಯವುಂಟು. ಅವನ್ನು ಹರಳುಗಳನ್ನಿಡುವಂಥ ಪುಟ್ಟ ಮುಚ್ಚಳದ ಪೆಟ್ಟಿಗೆಯಲ್ಲಿಡುವುದು ಲೇಸು.

ಕಾಗದದ ಲಕೋಟೆಯನ್ನೇ ಇಷ್ಟಪಡುವವರು ಆಮ್ಲವೂ ಗಂಧಕವೂ ಇಲ್ಲದ ಕಾಗದವನ್ನು ಕೇಳಿ ಕೊಳ್ಳಬೇಕು. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕ. ರಬ್ಬರ್ ಬ್ಯಾಂಡಿನಲ್ಲಿಯೂ ಉಣ್ಣೆಯ ಬಟ್ಟೆಯಲ್ಲಿಯೂ ಅದು ಅಡಗಿರುವುದರಿಂದ ಅವು ಬೆಳ್ಳಿಯ ಬಳಿ ಸುಳಿಯಬಾರದು.

ಪೆಟ್ಟಿಗೆ, ಬೀರು, ಮಳೆಗಾಲ

ಯುರೋಪಿನ ಹಿಂದಿನ ಸಂಗ್ರಾಹಕರು ನಾಣ್ಯದ ಕಪಾಟಿಗೆ ಮಹಾಗನಿ ಮರವನ್ನು ಆರಿಸುತ್ತಿದ್ದರು. ಓಕ್ ಮರದಿಂದ ಹೊಮ್ಮುವ ಆಮ್ಲದ ಆವಿ ಸೀಸವನ್ನೂ ಕಂಚನ್ನೂ ಕೆಡಿಸುತ್ತದೆ. ನಮ್ಮ ಮನೆಗಳಲ್ಲಿ ಹೊಸ ಪ್ಲೈವುಡ್ಡಿನ ಅಂಟು, ಹೊಸ ವಾರ್ನಿಷು ಇವುಗಳ ಬಗೆಗೆ ಇದೇ ಎಚ್ಚರ ಬೇಕು. ಬಟ್ಟೆಗಳ ನಡುವೆ ನಾಣ್ಯದ ಡಬ್ಬಿಯನ್ನಿಡುವವರು ನುಸಿಗುಳಿಗೆಗಳನ್ನು ದೂರವಿಡಬೇಕು. ಅವುಗಳಲ್ಲಿ ಕೆಲವದರ ಆವಿ ಪ್ಲಾಸ್ಟಿಕ್ಕನ್ನೇ ಮೆತ್ತಗಾಗಿಸುತ್ತದೆ.

ಕರಾವಳಿಯವರಿಗೂ ಮಲೆನಾಡಿನವರಿಗೂ ಮಳೆಗಾಲವೇ ದೊಡ್ಡ ಪರೀಕ್ಷೆ. ಡಬ್ಬಿಯೊಳಗೆ ಸಿಲಿಕಾ ಜೆಲ್ಲಿನ ಪುಟ್ಟ ಚೀಲವನ್ನಿಟ್ಟರೆ ಅದು ತೇವವನ್ನು ಹೀರುತ್ತದೆ. ಆದರೆ ತಾನು ತುಂಬಿದ ಮೇಲೆ ಏನೂ ಮಾಡದು. ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ಹೊರಗೋಡೆಗೆ ಒತ್ತಿಕೊಂಡ ಬೀರು, ಅಡುಗೆಮನೆಯ ಪಕ್ಕದ ಕಪಾಟು ಇವೆರಡೂ ಬೇಡ. ಬ್ಯಾಂಕಿನ ಲಾಕರು ಕಳ್ಳರಿಂದ ಕಾಪಾಡುತ್ತದೆಯೇ ಹೊರತು ತೇವದಿಂದಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಲ್ಲವನ್ನೂ ತೆಗೆದು ನೋಡುವ ಅಭ್ಯಾಸವಿದ್ದರೆ ಕೇಡು ಮೊಳಕೆಯಲ್ಲೇ ಸಿಕ್ಕಿಬೀಳುತ್ತದೆ. ತಾಮ್ರದ ಕಾಸಿನ ಮೇಲೆ ತಿಳಿಹಸುರು ಪುಡಿ ಉದುರುತ್ತಿದ್ದರೆ ಅದನ್ನು ಕೂಡಲೆ ಬೇರ್ಪಡಿಸಿ, ಬಲ್ಲವರಿಗೆ ತೋರಿಸಬೇಕು.

ಹುಣಸೆಹುಳಿಯ ಪ್ರಶ್ನೆ

ಕಡೆಯದಾಗಿ ಒಂದು ಸೂಕ್ಷ್ಮ ವಿಷಯ. ಲಕ್ಷ್ಮೀಪೂಜೆಯ ದಿನ ಬೆಳ್ಳಿಯ ರೂಪಾಯಿಗಳನ್ನು ಹುಣಸೆಹುಳಿಯಿಂದಲೋ ವಿಭೂತಿಯಿಂದಲೋ ಬೆಳಗಿ ಕಲಶದ ಮುಂದಿಡುವುದು ಎಷ್ಟೋ ಮನೆಗಳ ಪದ್ಧತಿ. ಬೆಳಗಿದಾಗಲೆಲ್ಲ ಲೋಹದ ತೆಳ್ಳನೆಯ ಪದರವೊಂದು ಹೋಗುತ್ತದೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಮೂಡಿದ ಹೊಳಪು ಹೋದರೆ ಮತ್ತೆ ಬಾರದು. ಸಂಗ್ರಾಹಕರು ಥಳಥಳಿಸುವ ಹಳೆಯ ನಾಣ್ಯಕ್ಕಿಂತ ಮಾಸಿದ ಹಳೆಯ ನಾಣ್ಯಕ್ಕೆ ಹೆಚ್ಚು ಬೆಲೆ ಕೊಡುವುದು ಇದೇ ಕಾರಣದಿಂದ. ಹಾಗೆಂದು ಹಿರಿಯರ ಮನಸ್ಸನ್ನು ನೋಯಿಸಬೇಕಾದ ಅಗತ್ಯವಿಲ್ಲ. ನಮ್ಮ ಮನೆಯಲ್ಲಿ ಕಲೆ ಬಿದ್ದ ಆ ನಾಲ್ಕು ರೂಪಾಯಿಗಳನ್ನು ಪೂಜೆಗೆಂದೇ ಮೀಸಲಿಟ್ಟೆವು. ತಾಯಿಯವರು ಅವನ್ನು ಮನಸಾರೆ ಬೆಳಗುತ್ತಾರೆ. ಉಳಿದ ಏಳನ್ನು ಯಾರೂ ಮುಟ್ಟುವುದಿಲ್ಲ.

ಆ ಏಳೂ ಈಗ ಏಳು ಡಬ್ಬಿಗಳಲ್ಲಿವೆ. ಜೊತೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನೂ ಇರಿಸಿದ್ದೇನೆ. ಯಾವ ನಾಣ್ಯ, ಯಾವ ಇಸವಿಯದು, ಯಾರಿಂದ ಬಂದಿತು ಎಂಬುದೆಲ್ಲ ಅದರಲ್ಲಿದೆ. ಡಬ್ಬಿ ನಾಣ್ಯವನ್ನು ಉಳಿಸೀತು. ಅದು ಅಜ್ಜಿಯದೆಂಬುದನ್ನು ಮುಂದಿನವರಿಗೆ ತಿಳಿಸಲು ಅಕ್ಷರವೇ ಬೇಕು.