ನಲ್ಲಿಗೆ ಮೀಟರ್: ಸಣ್ಣ ಊರಿಗೂ ಬೇಕೇ?

ಪ್ರಶ್ನೆ: ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಮನೆಮನೆಯ ನಲ್ಲಿಗೂ ಮೀಟರ್ ಕೂರಿಸಬೇಕೇ?

ಉತ್ತರ: ಬೇಕು, ಆದರೆ ಮೊದಲ ಮೀಟರ್ ಮನೆಯದ್ದಾಗಬಾರದು.

ಭದ್ರಾ ಅಣೆಕಟ್ಟೆ ಇರುವ ಲಕ್ಕವಳ್ಳಿ ತರೀಕೆರೆ ತಾಲ್ಲೂಕಿನದೇ. ಆದರೆ ಪಕ್ಕದ ಕಡೂರು ಬರಕ್ಕೆ ಹೆಸರಾದ ಬಯಲುಸೀಮೆ. ಇಂಥ ಕಡೆ ಟ್ಯಾಂಕಿನಿಂದ ಹೊರಟ ನೀರೆಷ್ಟು, ಮನೆ ಸೇರಿದ್ದೆಷ್ಟು ಎಂಬ ಲೆಕ್ಕವೇ ಇಲ್ಲದಿದ್ದರೆ ಸೋರಿಕೆಯ ದಂಡವನ್ನೂ ಜನರೇ ತೆರಬೇಕಾಗುತ್ತದೆ. ಆದ್ದರಿಂದ ಓವರ್‌ಹೆಡ್ ಟ್ಯಾಂಕಿನ ಬಾಯಲ್ಲಿ ಒಂದು, ಪ್ರತಿ ಬಡಾವಣೆಯ ಮುಖ್ಯ ಕೊಳವೆಗೆ ಒಂದು ದೊಡ್ಡ ಮೀಟರ್ ಮೊದಲು ಬರಲಿ.

ಆಮೇಲೆ ಬರುವ ಮನೆಯ ಮೀಟರಿನಿಂದಲೂ ಉಪಯೋಗವಿದೆ. ಅದರ ಗಾಜಿನೊಳಗೆ ನಕ್ಷತ್ರದಂಥ ಪುಟ್ಟ ಚಕ್ರವೊಂದಿರುತ್ತದೆ. ಎಲ್ಲ ನಲ್ಲಿ ನಿಲ್ಲಿಸಿ, ಸಂಪಿನ ವಾಲ್ವನ್ನೂ ಮುಚ್ಚಿದ ಮೇಲೂ ಅದು ತಿರುಗುತ್ತಿದ್ದರೆ ಮೀಟರಿನಿಂದಾಚೆ ಮನೆಯೊಳಗಿನ ಪೈಪು ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಆದರೆ ಎರಡು-ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಖಾಲಿ ಪೈಪಿನ ಗಾಳಿ ಮುಂದೆ ನುಗ್ಗಿ ಮುಳ್ಳು ಓಡಿಸುತ್ತದೆ; ಗಾಳಿಗೂ ಬಿಲ್ ಬಂದರೆ ಜನ ಸಿಟ್ಟಾಗುವುದು ನ್ಯಾಯವೇ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ 24 ಗಂಟೆ ನೀರು ಕೊಟ್ಟಾಗ, ಹೊಸ ಕೊಳವೆ, ಸದಾ ಒತ್ತಡದ ನೀರು, ಮೀಟರ್ ಈ ಮೂರೂ ಜೊತೆಗೇ ಬಂದವು. ಮೀಟರ್ ಒಂದನ್ನೇ ತಂದರೆ 24 ಗಂಟೆ ನೀರು ಸಿಗದು.

ದರದ ಮಾತು ಇನ್ನೂ ಸೂಕ್ಷ್ಮ. ನಗರಗಳಿಗೆ ಬಳಸುವ ಮಾನದಂಡ ದಿನಕ್ಕೆ ತಲಾ 135 ಲೀಟರ್. ಐವರ ಮನೆಗೆ ತಿಂಗಳಿಗೆ ಸುಮಾರು 20 ಸಾವಿರ ಲೀಟರ್. ಒಂದೇ ನಲ್ಲಿ ಹಂಚಿಕೊಂಡ ಮೂರು ಸಂಸಾರಗಳ ವಠಾರಕ್ಕೂ ಒಂಟಿ ಮನೆಯ ಲೆಕ್ಕವನ್ನೇ ಹಚ್ಚಿ, ಬಳಕೆ ಹೆಚ್ಚಿದಂತೆ ದರವನ್ನೂ ಏರಿಸಿದರೆ ಬಡವರೇ ಮೇಲಿನ ದರ ಕಟ್ಟಬೇಕಾಗುತ್ತದೆ. ಹಾಗಾಗಿ ಪುರಸಭೆ ಮೀಟರ್ ಕೂರಿಸುವ ಮೊದಲೇ ವಠಾರಗಳ ಸಂಸಾರಗಳನ್ನು ಎಣಿಸಿಡಬೇಕು.