ಬೆದರುವ ಎಳೆಗುದುರೆಯ ವಿಶ್ವಾಸಸಂಪಾದನೆ

ಮಹಾಭಾರತದ ವಿರಾಟಪರ್ವದಲ್ಲಿ ನಕುಲನು ಅಶ್ವಪಾಲಕನ ವೇಷದಿಂದ ಮತ್ಸ್ಯರಾಜನ ಆಸ್ಥಾನಕ್ಕೆ ಬಂದಾಗ ತಾನು ಬಲ್ಲ ವಿದ್ಯೆಗಳನ್ನು ಎಣಿಸಿ ಹೇಳುತ್ತಾನೆ. ಆ ಎಣಿಕೆಯಲ್ಲಿ ಮೊದಲು ಬರುವುದು ಕುದುರೆಯ ಪ್ರಕೃತಿಜ್ಞಾನ. ಶಿಕ್ಷಣ, ದುಷ್ಟಾಶ್ವಗಳ ನಿರ್ವಹಣೆ, ಚಿಕಿತ್ಸೆ ಇವೆಲ್ಲ ಅದರ ತರುವಾಯ. ಈ ಅನುಕ್ರಮವು ಸಾರ್ಥಕವಾದುದು. ಸ್ವಭಾವವನ್ನರಿಯದೆ ಕಡಿವಾಣ ಹಿಡಿದವನ ಕೈಯಲ್ಲಿ ಸಾಧುವಾದ ಮರಿಯೂ ಕೆಡುವುದುಂಟು.

ಕವಿಗಳು ಕುದುರೆಯ ಪರಾಕ್ರಮವನ್ನು ಎಷ್ಟೇ ಬಣ್ಣಿಸಲಿ, ಅದು ಸ್ವಭಾವತಃ ಅಂಜುವ ಪ್ರಾಣಿ. ಅದಕ್ಕೆ ಕೊಂಬಿಲ್ಲ, ಪಂಜವಿಲ್ಲ. ಬಯಲಿನಲ್ಲಿ ಮೇಯುವ ಈ ಜಾತಿಗೆ ಓಟವೇ ರಕ್ಷೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನ ಬಹುಭಾಗವೆಲ್ಲ ಅದಕ್ಕೆ ಕಾಣುತ್ತದೆ. ಆದರೆ ಹಣೆಯ ಎದುರಿಗೇ ಇರುವ ಸ್ವಲ್ಪ ಜಾಗವೂ ಬಾಲದ ನೇರ ಹಿಂಭಾಗವೂ ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಬಂದವನನ್ನು ಕುದುರೆಯು ಒದೆಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಒಂದು ಕಡೆಯಿಂದ ನೋಡಿ ಅಭ್ಯಾಸವಾದ ವಸ್ತುವೇ ಇನ್ನೊಂದು ಕಡೆಯಿಂದ ಕಂಡಾಗ ಹೊಸದೆಂಬಂತೆ ಬೆಚ್ಚುವುದೂ ಉಂಟು. ಇದನ್ನು ತುಂಟತನವೆಂದು ಬಗೆದು ಚಾವಟಿಯೆತ್ತುವವನು ಬೆದರಿಕೆಯ ಜೊತೆಗೆ ನೋವನ್ನೂ ಕೂಡಿಸುತ್ತಾನೆ. ಆ ವಸ್ತು ಭಯಂಕರವೇ ಸರಿ ಎಂಬುದು ಕುದುರೆಗೆ ಆಗ ದೃಢವಾಗುತ್ತದೆ. ಗ್ರೀಕರ ಸೆನೊಫನ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ತನ್ನ ಅಶ್ವಾರೋಹಣಗ್ರಂಥದಲ್ಲಿ ಇದನ್ನು ವಿವರಿಸಿ, ಕೋಪ ಬಂದಿರುವಾಗ ಕುದುರೆಯ ಗೊಡವೆಗೇ ಹೋಗಬಾರದೆಂದು ವಿಧಿಸಿದ್ದಾನೆ. ಬೆದರಿಸಿದ ವಸ್ತುವನ್ನು ಸವಾರನೇ ಮೊದಲು ಮುಟ್ಟಿ ತೋರಿಸಿ, ಬಳಿಕ ಕುದುರೆಯನ್ನು ಮೆಲ್ಲನೆ ಅದರ ಬಳಿಗೆ ಕರೆದೊಯ್ಯಬೇಕೆಂಬುದು ಅವನ ಮತ.

ಅಲೆಕ್ಸಾಂಡರನ ಬುಸೆಫಲಸ್ ಕುದುರೆಯ ವೃತ್ತಾಂತವನ್ನು ಪ್ಲೂಟಾರ್ಕನು ಹೇಳಿದ್ದಾನೆ. ಯಾರನ್ನೂ ಹತ್ತಗೊಡದ ಆ ಕುದುರೆಯನ್ನು ದೊರೆ ಫಿಲಿಪ್ಪನು ಹಿಂದಕ್ಕೆ ಅಟ್ಟಹೊರಟಿದ್ದನಂತೆ. ಅದು ತನ್ನ ನೆರಳಿಗೇ ಬೆಚ್ಚುತ್ತಿದೆಯೆಂದು ಗ್ರಹಿಸಿದ ಬಾಲಕನು ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದನು. ನೆರಳು ಹಿಂದೆ ಸರಿಯಿತು. ಕಥೆಯಲ್ಲಿ ಬಣ್ಣವೆಷ್ಟೇ ಇರಲಿ, ಲಕ್ಷಣ ಸರಿಯಾಗಿದೆ: ಬಲಪ್ರಯೋಗವಲ್ಲ, ಕಾರಣಶೋಧನೆ.

ಇನ್ನು ಪಳಗಿಸುವ ಕ್ರಮ. ಹೊಸ ಮರಿಯ ಬಳಿಗೆ ಹೋಗುವವನು ಅದರ ಹೆಗಲಿನ ಕಡೆಯಿಂದ, ಮೆಲುದನಿಯಲ್ಲಿ ಮಾತಾಡುತ್ತ ಬರಬೇಕು. ಮೊದಲು ಕೈ ಹಾಕಬೇಕಾದುದು ಮುಖಕ್ಕಲ್ಲ, ಕತ್ತು ಬೆನ್ನನ್ನು ಕೂಡುವಲ್ಲಿ. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದು ಉಪಚರಿಸಿಕೊಳ್ಳುವ ಸ್ಥಳ ಅದು. ಅಲ್ಲಿ ಉಜ್ಜಿದರೆ ಹೃದಯದ ಬಡಿತ ನಿಧಾನವಾಗುತ್ತದೆ. ಹಗ್ಗವನ್ನು ಎಳೆದಾಗ ಮರಿ ಒಂದೇ ಹೆಜ್ಜೆ ಮುಂದಿಟ್ಟರೂ ಆ ಕ್ಷಣವೇ ಬಿಗಿ ಸಡಿಲಿಸಬೇಕು. ಇದರಲ್ಲಿಯೇ ವಿದ್ಯೆಯ ಸಾರವೆಲ್ಲ ಅಡಗಿದೆ. ಕುದುರೆ ಕಲಿಯುವುದು ಎಳೆತದಿಂದಲ್ಲ, ಎಳೆತ ನಿಂತುದರಿಂದ. ಬಿಡುಗಡೆ ತಡವಾದರೆ ತಾನು ಮಾಡಿದುದು ಸರಿಯೋ ತಪ್ಪೋ ಅದಕ್ಕೆ ತಿಳಿಯದು. ಜೀನನ್ನು ಮೂಸಿ ನೋಡಲು ಬಿಟ್ಟು, ಎರಡು ಪಕ್ಕಗಳಿಂದಲೂ ತೋರಿಸಿ, ಆಮೇಲೆ ಬೆನ್ನಿಗೆ ತಾಗಿಸಬೇಕು. ಕಿವಿ ನಿಮಿರಿ, ಮೈ ಬಿಗಿದು, ಕಣ್ಣಿನ ಬಿಳಿ ಕಂಡಿತೆಂದರೆ ಒಂದು ಹೆಜ್ಜೆ ಹಿಂದೆ ಸರಿಯತಕ್ಕದ್ದು. ತಲೆ ತಗ್ಗಿಸಿ ದೀರ್ಘವಾಗಿ ಉಸಿರುಬಿಟ್ಟರೆ ಅಂದಿನ ಪಾಠ ಅಲ್ಲಿಗೆ ಸಾಕು. ಒಂದೇ ದಿನದಲ್ಲಿ ಎಲ್ಲವನ್ನೂ ಕಲಿಸಹೊರಟ ಆತುರಗಾರನು ತಿಂಗಳ ಗಳಿಕೆಯನ್ನು ಗಳಿಗೆಯಲ್ಲಿ ಕಳೆಯುತ್ತಾನೆ.

ಈ ವಿಶ್ವಾಸಕ್ಕೆ ಕಠಿಣ ಪರೀಕ್ಷೆ ಒದಗುವುದು ಮೈಸೂರಿನ ದಸರೆಯಲ್ಲಿ. ವಿಜಯದಶಮಿಯಂದು 21 ಸುತ್ತು ಕುಶಾಲತೋಪು ಹಾರುತ್ತದೆ. ಬೀದಿಯ ಇಕ್ಕೆಲಗಳಲ್ಲಿ ಮಕ್ಕಳು ಮುದುಕರೆನ್ನದೆ ಜನ ಕಿಕ್ಕಿರಿದಿರುತ್ತಾರೆ. ಅಲ್ಲಿ ಒಂದು ಕುದುರೆ ಬೆದರಿ ನುಗ್ಗಿದರೂ ಆಗುವ ಅನಾಹುತವನ್ನು ಊಹಿಸಬಹುದು. ಆದಕಾರಣ ಆನೆಗಳೊಡನೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳಿಗೂ ಮುಂಚಿತವಾಗಿಯೇ ಫಿರಂಗಿಯ ತಾಲೀಮು ನಡೆಯುತ್ತದೆ. ಅನುಭವವುಳ್ಳ ಕುದುರೆ ಪಕ್ಕದಲ್ಲಿ ನಿಶ್ಚಲವಾಗಿ ನಿಂತಿದ್ದರೆ ಹೊಸದಕ್ಕೆ ಅದೇ ಧೈರ್ಯ. ಮಂದೆಯ ಪ್ರಾಣಿಯಾದುದರಿಂದ ಒಂದರ ಶಾಂತಿ ಇನ್ನೊಂದಕ್ಕೆ ಹಬ್ಬುತ್ತದೆ, ಭೀತಿಯೂ ಹಾಗೆಯೇ. ಬೆನ್ನ ಮೇಲಿರುವವನ ತೊಡೆ ಬಿಗಿದರೂ ಅದಕ್ಕೆ ಗೊತ್ತಾಗುತ್ತದೆ. ತೋಪಿನ ಸದ್ದಿಗೆ ಮೊದಲ ದಿನ ಎಗರಿಬಿದ್ದ ಕುದುರೆ, ತಾಲೀಮು ಮುಗಿಯುವ ಹೊತ್ತಿಗೆ ಒಂದು ಕಿವಿಯನ್ನಷ್ಟೇ ಸದ್ದಿನ ಕಡೆಗೆ ತಿರುಗಿಸಿ, ಇನ್ನೊಂದನ್ನು ಸವಾರನ ಮಾತಿಗೆ ಇಟ್ಟು ನಿಲ್ಲುತ್ತದೆ.